ನಾವು ನೋಡ್ದೇ ಇದ್ದಾಗ ಎಲೆಕ್ಟ್ರಾನು ಎಲ್ಲಿರ್ತದೆ ಸಾ?

ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ಪ್ರಶ್ನೆ: ಮೇಷ್ಟ್ರೇ, ನಾನು ಸೆಕೆಂಡ್ ಪಿಯುಸಿ ಓದುತ್ತಿದ್ದೇನೆ. ನೋಡುವುದಕ್ಕೆ ಮುಂಚೆ ಎಲೆಕ್ಟ್ರಾನ್ ಎಲ್ಲಿರುತ್ತದೆ ಅಂತ ಕ್ಲಾಸಿನಲ್ಲಿ ಕೇಳಿದೆ. ಅದು ಫಿಲಾಸಫಿ, ಫಿಸಿಕ್ಸ್ ಅಲ್ಲ ಅಂದರು. ಮನೆಗೆ ಬಂದು ತಾತನನ್ನು ಕೇಳಿದರೆ ಅದೆಲ್ಲ ವೇದಾಂತದಲ್ಲಿ ಆಗಲೇ ಹೇಳಿಬಿಟ್ಟಿದ್ದಾರೆ ಅನ್ನುತ್ತಾರೆ. ಇವೆರಡಕ್ಕೂ ಏನು ಸಂಬಂಧ? ನಾನು ನನ್ನ ಪ್ರಶ್ನೆಯನ್ನು ಯಾರ ಹತ್ತಿರ ಕೇಳಬೇಕು?
ವಿದ್ಯಾರ್ಥಿನಿ, ಮದ್ದೂರು

ಉತ್ತರ: ತಾಯಿ, ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಮೇಜಿನ ಮೇಲಿಟ್ಟುಕೊಂಡು ದಿನಾ ಓದುತ್ತಿದ್ದೆ, ಬರೆಯಲು ಕೈ ಓಡಲಿಲ್ಲ. ಇದೇ ಪ್ರಶ್ನೆಯನ್ನು 1986ರಲ್ಲಿ ನನಗೆ ಒಬ್ಬ ಹುಡುಗ ಕೇಳಿದ್ದ.

ಆಗ ನಾನು ಮಂಡ್ಯದ ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಹೇಳುತ್ತಿದ್ದೆ. ಆ ಹುಡುಗ ಕೆರಗೋಡು ಕಡೆಯಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದ. ಕಿಟಕಿ ಪಕ್ಕದ ಬೆಂಚು. ಕಾಲರು ಸವೆದಿದ್ದಕ್ಕೆ ಬಿಚ್ಚಿ, ಮಗುಚಿ ಹೊಲಿದ ಬಿಳಿ ಅಂಗಿ. ನಾನು, ಎಲೆಕ್ಟ್ರಾನು ಗೆರೆ ಹಿಡಿದು ಸುತ್ತುವ ಬೋರನ ಪರಮಾಣುವಿನ ಚಿತ್ರವನ್ನು ಬೋರ್ಡಿನ ಮೇಲೆ ಬರೆದು, ಇದನ್ನು ನಿಜ ಅಂತ ನಂಬಬೇಡಿ, ಎಲೆಕ್ಟ್ರಾನು ಇಂಥ ಕಡೆಯೇ ಇದೆ ಎಂದು ಹೇಳಲು ಬರುವುದಿಲ್ಲ ಅಂದೆ. ಅವನು ಎದ್ದು ನಿಂತ. "ನಾವು ನೋಡ್ದೇ ಇದ್ದಾಗ ಎಲೆಕ್ಟ್ರಾನು ಎಲ್ಲಿರ್ತದೆ ಸಾ?" ನಾನು, "ಅದು ಫಿಲಾಸಫಿ ಕಣಪ್ಪಾ, ಪರೀಕ್ಷೆಗೆ ಬರಲ್ಲ, ಕೂತ್ಕೊ" ಅಂದೆ. ಕೂತ. ಆ ವರ್ಷ ಮುಗಿಯುವವರೆಗೂ ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ನಾನು ಹಾಗೆ ಹೇಳುವ ಹೊತ್ತಿಗೆ ಅವನ ಪ್ರಶ್ನೆಯನ್ನು ಪ್ಯಾರಿಸ್ ಹತ್ತಿರದ ಒಂದು ಪ್ರಯೋಗಶಾಲೆಯಲ್ಲಿ ಉಪಕರಣ ಹೂಡಿ, ಬೆಳಕಿನ ಕಣಗಳನ್ನೇ ಕೇಳಿ, ಉತ್ತರ ಪಡೆದು ನಾಲ್ಕು ವರ್ಷವಾಗಿತ್ತು. ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವನ್ನು ನಿನಗೆ ಬರೆಯುತ್ತಿದ್ದೇನೆ.

1935ರಲ್ಲಿ ಐನ್‌ಸ್ಟೈನ್ ತನ್ನ ಇಬ್ಬರು ಸಂಗಾತಿಗಳೊಂದಿಗೆ, ಪೊಡೊಲ್‌ಸ್ಕಿ ಮತ್ತು ರೋಸೆನ್ ಜೊತೆ, ಒಂದು ಲೇಖನ ಬರೆದ. ಪರಮಾಣುವಿನಷ್ಟು ಸಣ್ಣ ವಸ್ತುಗಳ ನಡವಳಿಕೆ ಹೇಳುವ ಕ್ವಾಂಟಂ ಸಿದ್ಧಾಂತದ ಲೆಕ್ಕಗಳೇನೋ ಸರಿ, ಆದರೆ ಸಿದ್ಧಾಂತ ಅಪೂರ್ಣ ಎಂಬುದು ಅವರ ವಾದ. ಕಣಕ್ಕೆ ತನ್ನದೇ ಆದ ಗುಣಗಳು ಅಳೆಯುವ ಮೊದಲೇ ಇರಬೇಕು, ಸಿದ್ಧಾಂತ ಅವನ್ನು ಹೇಳುತ್ತಿಲ್ಲ ಅಷ್ಟೆ. ಅದೇ ವರ್ಷ ನೀಲ್ಸ್ ಬೋರ್ ಅದಕ್ಕೆ ಎದುರುತ್ತರ ಬರೆದ. ಇಬ್ಬರ ಲೆಕ್ಕವೂ ಒಂದೇ ಉತ್ತರ ಕೊಡುತ್ತಿತ್ತು. ಹಾಗಾಗಿ ಸುಮಾರು ಮೂವತ್ತು ವರ್ಷ ಹೆಚ್ಚಿನವರು ಇದನ್ನು ನಿನ್ನ ಕ್ಲಾಸಿನಲ್ಲಿ ಇಟ್ಟ ಜಾಗದಲ್ಲೇ ಇಟ್ಟರು: ಫಿಲಾಸಫಿ, ಕೂತ್ಕೊ.

1964ರಲ್ಲಿ ಜಾನ್ ಬೆಲ್ ಎಂಬಾತ ಕೂರಲಿಲ್ಲ. ಬೆಲ್‌ಫಾಸ್ಟಿನವನು, ಜಿನೀವಾದ ಕಣವಿಜ್ಞಾನ ಪ್ರಯೋಗಶಾಲೆಯಾದ ಸರ್ನ್‌ನಲ್ಲಿ ಕೆಲಸ. ಅವನು ಮಾಡಿದ್ದನ್ನು ನಮ್ಮ ಊರಿನ ಲೆಕ್ಕದಲ್ಲಿ ಹೇಳುತ್ತೇನೆ, ಪೆನ್ನು ಹಿಡಿದುಕೋ.

ಅಣ್ಣ ತಮ್ಮ ಇಬ್ಬರು. ಅಣ್ಣನನ್ನು ಮಂಡ್ಯದ ಒಂದು ಕೋಣೆಯಲ್ಲಿ, ತಮ್ಮನನ್ನು ಮೈಸೂರಿನ ಒಂದು ಕೋಣೆಯಲ್ಲಿ ಕೂರಿಸಿದೆವು ಅಂದುಕೋ. ಪ್ರಶ್ನೆಗಳು ಮೂರೇ, ಉತ್ತರ ಹೌದು ಅಥವಾ ಅಲ್ಲ. ಎರಡೂ ಕಡೆಯ ಮೇಲ್ವಿಚಾರಕರು ಆ ಮೂರರಲ್ಲಿ ತಮಗೆ ತೋಚಿದ ಒಂದನ್ನು ಅದೇ ಗಳಿಗೆಯಲ್ಲಿ ಕೇಳುತ್ತಾರೆ. ಸಾವಿರಾರು ಸಲ ಹೀಗೆ ಮಾಡಿದಾಗ, ಇಬ್ಬರಿಗೂ ಒಂದೇ ಪ್ರಶ್ನೆ ಬಿದ್ದಾಗಲೆಲ್ಲ ಉತ್ತರ ಒಂದೇ ಬರುತ್ತದೆ, ಒಂದು ಸಲವೂ ತಪ್ಪುವುದಿಲ್ಲ. ನೀನಾದರೆ ಏನನ್ನುತ್ತೀಯೆ? ಮೊದಲೇ ಮಾತಾಡಿಕೊಂಡು, ಮೂರಕ್ಕೂ ಉತ್ತರ ಬರೆದ ಚೀಟಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದಾರೆ ಅನ್ನುತ್ತೀಯೆ. ಐನ್‌ಸ್ಟೈನ್ ಹೇಳಿದ್ದೂ ಅದನ್ನೇ. ಒಟ್ಟಿಗೆ ಹುಟ್ಟಿ ದೂರ ಹೋದ ಜೋಡಿ ಕಣಗಳೇ ಈ ಅಣ್ಣ ತಮ್ಮ, ಅಳತೆಯೇ ಪ್ರಶ್ನೆ. ಆ ಕಣಗಳ ಜೇಬಿನಲ್ಲಿ ಚೀಟಿ ಇದೆ.

ಈಗ ಬೆಲ್ಲನ ಜಾಣತನ ನೋಡು. ಮೂರು ಪ್ರಶ್ನೆ, ಉತ್ತರ ಎರಡೇ ಬಗೆ. ಅಂದಮೇಲೆ ಚೀಟಿಯಲ್ಲಿ ಏನೇ ಬರೆದಿರಲಿ, ಮೂರರಲ್ಲಿ ಕನಿಷ್ಠ ಎರಡು ಪ್ರಶ್ನೆಗೆ ಉತ್ತರ ಒಂದೇ ಆಗಿರಬೇಕು. ಹಾಗಾದರೆ ಅಣ್ಣನಿಗೆ ಒಂದು ಪ್ರಶ್ನೆ, ತಮ್ಮನಿಗೆ ಬೇರೆ ಪ್ರಶ್ನೆ ಬಿದ್ದ ಸಲಗಳನ್ನಷ್ಟೇ ಆರಿಸಿಕೊಂಡರೂ, ಮೂರರಲ್ಲಿ ಒಂದು ಪಾಲಾದರೂ ಉತ್ತರ ಹೊಂದಿಕೆಯಾಗಲೇಬೇಕು. ಅದಕ್ಕಿಂತ ಕಡಿಮೆ ಬರಲು ಸಾಧ್ಯವಿಲ್ಲ. ಆದರೆ ಕ್ವಾಂಟಂ ಸಿದ್ಧಾಂತದ ಲೆಕ್ಕ ಮಾಡಿದರೆ ನಾಲ್ಕರಲ್ಲಿ ಒಂದು ಪಾಲು ಬರುತ್ತದೆ.

ಮೂರರಲ್ಲಿ ಒಂದೋ, ನಾಲ್ಕರಲ್ಲಿ ಒಂದೋ? ಮೂವತ್ತು ವರ್ಷ ಎಣಿಸಲಾಗದ ಪ್ರಶ್ನೆ ಅಂದುಕೊಂಡಿದ್ದು ಎಣಿಸಬಹುದಾದ ಪ್ರಶ್ನೆಯಾಯಿತು. ನಾನು ಮೊದಲ ಸಲ ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ಮುಗಿಸಿದ್ದು ಒಂದು ರಾತ್ರಿ ಹನ್ನೊಂದು ಗಂಟೆಗೆ. ಮನೆಯವರನ್ನು ಎಬ್ಬಿಸಿ ಹೇಳಿದೆ.

ಫ್ರೀಡ್‌ಮನ್ ಮತ್ತು ಕ್ಲೌಸರ್ 1972ರಲ್ಲಿ ಅಮೆರಿಕದಲ್ಲಿ ಪ್ರಯೋಗ ಮಾಡಿದರು. ಫ್ರಾನ್ಸಿನ ಅಲೈನ್ ಆಸ್ಪೆ ಎಂಬ ಯುವಕ ಇನ್ನೂ ಕಟ್ಟುನಿಟ್ಟಾಗಿ ಮಾಡಬೇಕೆಂದು ಬೆಲ್ಲನನ್ನು ಕಾಣಲು ಹೋದಾಗ ಬೆಲ್ ಮೊದಲು ಕೇಳಿದ್ದು, ನಿನ್ನ ಕೆಲಸ ಪರ್ಮನೆಂಟಾ ಅಂತ. ಇಂಥ ಪ್ರಶ್ನೆಯ ಹಿಂದೆ ಬಿದ್ದವನಿಗೆ ಆಗ ಉದ್ಯೋಗ ಸಿಗುವುದೇ ಕಷ್ಟವಿತ್ತು. ಆಸ್ಪೆಯ ಪ್ರಯೋಗ 1982ರಲ್ಲಿ ಮುಗಿಯಿತು. ಅದರಲ್ಲಿ, ಒಂದು ಕಡೆ ಏನು ಕೇಳಿದರು ಎಂಬ ಸುದ್ದಿ ಬೆಳಕಿನ ವೇಗದಲ್ಲಿ ಹೋದರೂ ಇನ್ನೊಂದು ಕಡೆ ಮುಟ್ಟದಷ್ಟು ಬೇಗ ಪ್ರಶ್ನೆ ಬದಲಾಗುತ್ತಿತ್ತು. ಮಂಡ್ಯದಿಂದ ಮೈಸೂರಿನ 45 ಕಿ.ಮೀ. ದಾಟಲು ಬೆಳಕಿಗೂ ಸೆಕೆಂಡಿನ ಹತ್ತು ಸಾವಿರ ಭಾಗದಲ್ಲಿ ಒಂದೂವರೆ ಭಾಗ ಬೇಕಲ್ಲ, ಅಷ್ಟರೊಳಗೆ ಕೇಳಿ ಮುಗಿಸಿದ ಹಾಗೆ. ಕ್ವಾಂಟಂ ಲೆಕ್ಕವೇ ಗೆದ್ದಿತು. ಆಸ್ಪೆ, ಕ್ಲೌಸರ್, ಇದೇ ದಾರಿಯ ಪ್ರಯೋಗಗಳನ್ನು ಮುಂದುವರಿಸಿದ ಸೈಲಿಂಗರ್ ಮೂವರಿಗೂ 2022ರಲ್ಲಿ ನೊಬೆಲ್ ಬಂತು. ಬೆಲ್ 1990ರಲ್ಲೇ ತೀರಿಕೊಂಡಿದ್ದ.

ಹಾಗಾದರೆ ನಿನ್ನ ಎಲೆಕ್ಟ್ರಾನ್ ಎಲ್ಲಿರುತ್ತದೆ? ಪ್ರಯೋಗ ಇಷ್ಟು ಹೇಳುತ್ತದೆ: ಪ್ರತಿಯೊಬ್ಬನೂ ತನ್ನ ಚೀಟಿ ತಾನು ನೋಡಿ ಹೇಳುತ್ತಿದ್ದಾನೆ, ಅಲ್ಲಿ ಕೇಳಿದ್ದು ಇಲ್ಲಿಗೆ ತಟ್ಟುವುದಿಲ್ಲ ಎಂಬ ಎರಡು ಮಾತನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಆಗುವುದಿಲ್ಲ. ಒಂದನ್ನಾದರೂ ಬಿಡಬೇಕು. ಯಾವುದನ್ನು ಬಿಡಬೇಕು ಅನ್ನುವುದರಲ್ಲಿ ಇವತ್ತಿಗೂ ಒಮ್ಮತವಿಲ್ಲ. 1952ರಲ್ಲಿ ಡೇವಿಡ್ ಬೋಮ್ ಕಟ್ಟಿದ ಸಿದ್ಧಾಂತದಲ್ಲಿ ಎಲೆಕ್ಟ್ರಾನಿಗೆ ಯಾವಾಗಲೂ ಒಂದು ಜಾಗ ಇದ್ದೇ ಇರುತ್ತದೆ, ಆದರೆ ದೂರದ ಕಣದ ಪ್ರಭಾವ ಅದಕ್ಕೆ ಅದೇ ಕ್ಷಣದಲ್ಲಿ ತಟ್ಟುತ್ತದೆ. ಬೋರನ ದಾರಿ ಹಿಡಿದವರು, ಅಳೆಯುವ ಮೊದಲು ಎಲ್ಲಿದೆ ಎಂಬ ಮಾತಿಗೆ ಅರ್ಥವಿಲ್ಲ ಅನ್ನುತ್ತಾರೆ. ನಿನ್ನ ಪ್ರಶ್ನೆ ಇನ್ನೂ ಜೀವಂತವಾಗಿದೆ.

ಸಂಬಂಧ ಏನು ಅಂತ ಕೇಳಿದೆಯಲ್ಲ, ನನಗೆ ತಿಳಿದ ಸಂಬಂಧ ಇದೇ. ಒಂದು ಮಾತಿನ ಒಳಗೆ ನಾವು ಗಮನಿಸದೆ ಒಪ್ಪಿಕೊಂಡಿದ್ದು ಏನಿದೆ ಎಂದು ಕೆದಕುವುದು ತತ್ವಶಾಸ್ತ್ರದ ಕೆಲಸ. ಹಾಗೆ ಕೆದಕಿ ಹೊರಗೆ ತೆಗೆದದ್ದನ್ನು ಕೆಲವು ಸಲ ತಕ್ಕಡಿಗೆ ಹಾಕಲು ಬರುತ್ತದೆ, ಆಗ ಅದು ಫಿಸಿಕ್ಸ್. ಬರ್ನ್ ಊರಿನಲ್ಲಿ ಪೇಟೆಂಟ್ ಆಫೀಸಿನ ಗುಮಾಸ್ತನಾಗಿದ್ದಾಗ ಐನ್‌ಸ್ಟೈನ್ ಇಬ್ಬರು ಗೆಳೆಯರನ್ನು ಕೂರಿಸಿಕೊಂಡು ಸಂಜೆ ಹೊತ್ತು ತತ್ವಚಿಂತಕರಾದ ಡೇವಿಡ್ ಹ್ಯೂಮನನ್ನೂ ಅರ್ನ್ಸ್ಟ್ ಮಾಖ್‌ನನ್ನೂ ಓದುತ್ತಿದ್ದ. ಎರಡು ಘಟನೆಗಳು ಒಟ್ಟಿಗೆ ನಡೆದವು ಅನ್ನುವುದಕ್ಕೆ ಅರ್ಥವೇನು ಎಂಬ ಪ್ರಶ್ನೆಯಿಂದ 1905ರ ಸಾಪೇಕ್ಷತೆ ಹುಟ್ಟಿತು. ಆ ಓದಿನ ಋಣವನ್ನು ಅವನೇ ಒಪ್ಪಿಕೊಂಡಿದ್ದಾನೆ. ಆದರೆ ಇನ್ನೊಂದು ಮುಖವನ್ನೂ ಹೇಳಬೇಕು. ಅದೇ ಮಾಖ್, ಕಣ್ಣಿಗೆ ಕಾಣದ್ದನ್ನು ವಿಜ್ಞಾನಕ್ಕೆ ಸೇರಿಸಬಾರದು ಎಂಬ ತನ್ನ ತತ್ವಕ್ಕೆ ಕಟ್ಟುಬಿದ್ದು, ಪರಮಾಣು ಇದೆ ಎಂಬುದನ್ನೇ ಒಪ್ಪದೆ ಹಟ ಹಿಡಿದ. ಕೈ ಹಿಡಿದು ನಡೆಸಿದ ತತ್ವವೇ ಕಾಲಿಗೂ ತೊಡರಿತು.

ನಿಮ್ಮ ಮೇಷ್ಟ್ರ ಮೇಲೆ ಬೇಸರ ಬೇಡ. ಸಿಲಬಸ್ಸು ಮುಗಿಸುವ ಒತ್ತಡ ನನಗೆ ಗೊತ್ತು. ತಾತನ ಜೊತೆಯೂ ಕೂತು ಮಾತಾಡು, ಆದರೆ ಎಲ್ಲಿ ಹೇಳಿದೆ, ಆ ಸಾಲು ಓದಿ ತೋರಿಸಿ ತಾತ ಅನ್ನು, ಇಬ್ಬರಿಗೂ ಒಳ್ಳೆಯದಾಗುತ್ತದೆ. ಅಣ್ಣ ತಮ್ಮಂದಿರ ಲೆಕ್ಕಕ್ಕೆ ಎಂಟು ಬಗೆಯ ಚೀಟಿಗಳಿವೆ, ಎಂಟನ್ನೂ ಬರೆದು, ಪಾಲು ಎಣಿಸಿ, ನನಗೆ ಕಳಿಸು.

ಪ್ರಶ್ನೆ: ಡಾಲ್ಟನ್‌ಗಿಂತ ಸಾವಿರಾರು ವರ್ಷ ಮೊದಲೇ ನಮ್ಮ ಕಣಾದ ಮಹರ್ಷಿ ಪರಮಾಣು ಕಂಡುಹಿಡಿದಿದ್ದರು, ಶಾಲೆಯಲ್ಲಿ ಇದನ್ನು ಮುಚ್ಚಿಡುತ್ತಾರೆ ಅನ್ನುತ್ತಾರೆ. ನಿಜವೇ? ನಾನು ಆಲೆಮನೆ ನಡೆಸುವವನು, ಹೆಚ್ಚು ಓದಿಲ್ಲ.
ಓದುಗರು, ಪಾಂಡವಪುರ ತಾಲ್ಲೂಕು

ಉತ್ತರ: ಅಣ್ಣಾ, ನಮ್ಮಪ್ಪನದೂ ಆಲೆಮನೆ. ಕೊಪ್ಪರಿಗೆಯ ಮುಂದೆ ಬೆಳೆದವನು ನಾನು, ಹಾಗಾಗಿ ನಿಮಗೆ ಆಲೆಮನೆಯ ಒಳಗಿನಿಂದಲೇ ಹೇಳುತ್ತೇನೆ.

ಬೆಳಗ್ಗೆ ಎಂಟರ ಹೊತ್ತಿಗೆ ಆಲೆಮನೆಯ ತಡಿಕೆ ಸಂದಿಯಿಂದ ಬಿಸಿಲುಕೋಲು ಬೀಳುತ್ತದಲ್ಲ, ಅದರೊಳಗೆ ಧೂಳಿನ ಕಣ ತೇಲುವುದನ್ನು ನೀವು ನೋಡೇ ಇರುತ್ತೀರಿ. ಕಣಾದನ ಹಿಂದೆ ಬಂದ ವೈಶೇಷಿಕರು ಶುರು ಮಾಡಿದ್ದು ಅಲ್ಲಿಂದಲೇ. ಕಣ್ಣಿಗೆ ಕಾಣುವ ಅತಿ ಸಣ್ಣ ವಸ್ತು ಈ ಬಿಸಿಲ ಧೂಳು. ಅದಕ್ಕೆ ತ್ರಸರೇಣು ಅಂತ ಹೆಸರಿಟ್ಟರು. ಎರಡು ಪರಮಾಣು ಸೇರಿದರೆ ದ್ವ್ಯಣುಕ, ಮೂರು ದ್ವ್ಯಣುಕ ಸೇರಿದರೆ ಈ ಧೂಳು. ಅಂದರೆ ಪರಮಾಣು ಎಂಬುದು ಧೂಳಿನ ಆರನೇ ಒಂದು ಪಾಲು.

ಕಾಣದ ಪರಮಾಣು ಇದೆ ಎಂದು ನಂಬುವುದು ಯಾಕೆ? ಅದಕ್ಕೆ ಅವರು ಕೊಟ್ಟ ಕಾರಣ ಸೊಗಸಾಗಿದೆ. ಯಾವುದನ್ನೇ ಆಗಲಿ ಕೊನೆಯಿಲ್ಲದೆ ಒಡೆಯುತ್ತಾ ಹೋಗಬಹುದು ಅನ್ನುವುದಾದರೆ, ಮೇರು ಪರ್ವತದಲ್ಲೂ ಚೂರುಗಳು ಲೆಕ್ಕವಿಲ್ಲದಷ್ಟು, ಸಾಸಿವೆ ಕಾಳಿನಲ್ಲೂ ಲೆಕ್ಕವಿಲ್ಲದಷ್ಟು. ಆಗ ಬೆಟ್ಟಕ್ಕೂ ಸಾಸಿವೆಗೂ ಗಾತ್ರದಲ್ಲಿ ವ್ಯತ್ಯಾಸವೇ ಇರಬಾರದಿತ್ತು. ಇದೆಯಲ್ಲ? ಆದ್ದರಿಂದ ಒಡೆಯುವುದು ಎಲ್ಲೋ ಒಂದು ಕಡೆ ನಿಲ್ಲಬೇಕು. ಇವತ್ತಿನ ಗಣಿತದವರು ಈ ವಾದವನ್ನು ಹಾಗೇ ಒಪ್ಪುವುದಿಲ್ಲ. ಒಂದು ಗೇಣಿನ ಗೆರೆಯಲ್ಲೂ ಎರಡು ಗೇಣಿನ ಗೆರೆಯಲ್ಲೂ ಬಿಂದುಗಳು ಅನಂತವಾಗಿದ್ದರೂ ಉದ್ದ ಬೇರೆ ಬೇರೆ. ಆದರೂ ಸುಮಾರು ಎರಡು ಸಾವಿರ ವರ್ಷದ ಹಳೆಯ ಈ ಚಿಂತನೆ ನಿಂತದ್ದು ನಂಬಿಕೆಯ ಮೇಲಲ್ಲ, ಕಾರಣ ಕೊಟ್ಟು, ಎದುರಾಳಿಗೆ ಉತ್ತರಿಸಿ ನಿಂತದ್ದು. ನನಗೆ ಅದರಲ್ಲಿ ಹೆಮ್ಮೆ ಇದೆ.

ಇನ್ನು ಲೆಕ್ಕಕ್ಕೆ ಬನ್ನಿ. ಮಿಲಿಮೀಟರಿನ ನೂರನೇ ಒಂದು ಭಾಗದಷ್ಟಿರುವ ಆ ಧೂಳಿನಲ್ಲಿ ನಿಜವಾಗಿ ಇರುವ ಪರಮಾಣುಗಳು ಸುಮಾರು 50 ಲಕ್ಷ ಕೋಟಿ. ಆರಲ್ಲ. ಡಾಲ್ಟನ್ 1808ರಲ್ಲಿ ತನ್ನ ಪುಸ್ತಕ ತಂದಾಗ ಅವನ ಕೈಯಲ್ಲಿದ್ದದ್ದು ತೂಕದ ಲೆಕ್ಕ. ಅಷ್ಟೇ ಇಂಗಾಲಕ್ಕೆ ಆಮ್ಲಜನಕ ಸೇರಿ ಎರಡು ಬೇರೆ ಅನಿಲವಾಗುತ್ತದೆ, ಒಂದರಲ್ಲಿ ಎಷ್ಟು ಆಮ್ಲಜನಕ ಇದೆಯೋ ಇನ್ನೊಂದರಲ್ಲಿ ಸರಿಯಾಗಿ ಅದರ ಎರಡರಷ್ಟು. ನಡುವಿನದು ಯಾವುದೂ ಇಲ್ಲ. ಇಡೀ ಇಡೀ ಕಣಗಳು ಕೂಡುತ್ತಿದ್ದರೆ ಮಾತ್ರ ಹೀಗಾಗಲು ಸಾಧ್ಯ. ಅವನೂ ತನ್ನ ಪುಸ್ತಕದ ಹೆಸರಲ್ಲಿ ರಸಾಯನ ಶಾಸ್ತ್ರ ಅನ್ನದೆ ರಾಸಾಯನಿಕ ತತ್ವಶಾಸ್ತ್ರ ಅಂತಲೇ ಬರೆದ. ಎರಡಕ್ಕೂ ಇನ್ನೂ ಮನೆ ಪಾಲಾಗಿರಲಿಲ್ಲ. ಪರಮಾಣು ಇದೆಯೋ ಇಲ್ಲವೋ ಎಂಬ ಜಗಳ ನಿಂತದ್ದು ಅದಾದ ನೂರು ವರ್ಷಕ್ಕೆ, ನೀರಿನಲ್ಲಿ ಕಣಗಳು ನಡುಗುವುದನ್ನು ಫ್ರಾನ್ಸಿನ ವಿಜ್ಞಾನಿ ಪೆರಿನ್ 1908ರಲ್ಲಿ ಅಳೆದಾಗ.

ಹಾಗಾಗಿ ಕಂಡುಹಿಡಿದರು ಎಂಬ ಮಾತು ಬೇಡ. ಡಾಲ್ಟನ್‌ಗೆ ಮುಂಚೆ ಬಂದವನು ಅಂತಷ್ಟೇ ಕಣಾದನನ್ನು ಹೊಗಳಿದರೆ, ಅವನು ನಿಜವಾಗಿ ಏನು ಹೇಳಿದ ಅನ್ನುವುದನ್ನು ಯಾರೂ ಓದುವುದೇ ಇಲ್ಲ. ನಷ್ಟ ನಮಗೇ.

ನಿಮ್ಮ ಕಸುಬಿನದೇ ಒಂದು ಉದಾಹರಣೆ ಕೊಡುತ್ತೇನೆ. ನೀವು ದಿನಾ ಆಡುವ ಪಾಕ ಎಂಬ ಮಾತು ನಮ್ಮ ದರ್ಶನಗಳಲ್ಲಿ ದೊಡ್ಡ ವಾದದ ಹೆಸರು. ಹಸಿ ಮಡಕೆ ಕಪ್ಪಗಿರುತ್ತದೆ, ಆವಗೆಯಲ್ಲಿ ಬೆಂದರೆ ಕೆಂಪಾಗುತ್ತದೆ. ಬೆಂಕಿ ಬದಲಾಯಿಸಿದ್ದು ಏನನ್ನು? ವೈಶೇಷಿಕರು, ಮಡಕೆ ಪರಮಾಣುಗಳಾಗಿ ಬಿಚ್ಚಿಹೋಗಿ, ಒಂದೊಂದು ಪರಮಾಣುವೂ ಬೆಂದು ಕೆಂಪಾಗಿ, ಮತ್ತೆ ಕೂಡಿಕೊಳ್ಳುತ್ತದೆ ಅಂದರು, ಅದು ಪೀಲುಪಾಕ. ನೈಯಾಯಿಕರು, ಅಂದರೆ ನ್ಯಾಯ ದರ್ಶನದವರು, ಒಪ್ಪಲಿಲ್ಲ. ಮಡಕೆ ಮಡಕೆಯಾಗೇ ಇರುತ್ತದೆ, ಬಿಸಿ ಅದರ ರಂಧ್ರಗಳಲ್ಲಿ ನುಗ್ಗಿ ಇಡೀ ಮಡಕೆಯನ್ನೇ ಬೇಯಿಸುತ್ತದೆ, ಇಲ್ಲದಿದ್ದರೆ ಮೇಲೆ ಪೇರಿಸಿದ ಮಡಕೆಗಳು ಕುಸಿದು ಬೀಳಬೇಕಿತ್ತಲ್ಲ ಅಂದರು, ಅದು ಪಿಠರಪಾಕ. ಇವತ್ತು ನಮಗೆ ಗೊತ್ತು, ಮಣ್ಣಿನೊಳಗಿನ ಕಬ್ಬಿಣದ ಅಂಶಕ್ಕೆ ಆಮ್ಲಜನಕ ಸೇರಿ ಆ ಕೆಂಪು ಬರುತ್ತದೆ, ಒಂಟಿ ಪರಮಾಣುವಿಗೆ ಮಡಕೆಯ ಬಣ್ಣ ಇರುವುದೇ ಇಲ್ಲ. ಇಬ್ಬರೂ ಪೂರ್ತಿ ಸರಿಯಲ್ಲ. ಆದರೆ ಇಡಿಯ ಗುಣ ಬಿಡಿಯಿಂದ ಬರುತ್ತದೆಯೋ, ಇಡಿಗೇ ಸೇರಿದ್ದೋ ಎಂದು ಅವರು ಕೇಳಿದ ಪ್ರಶ್ನೆ ಇದೆಯಲ್ಲ, ಅದನ್ನು ಇವತ್ತಿಗೂ ವಿಜ್ಞಾನಿಗಳು ಕೇಳಿಕೊಳ್ಳುತ್ತಿದ್ದಾರೆ.

ನಮ್ಮಪ್ಪ ಥರ್ಮಾಮೀಟರ್ ಕಂಡವನಲ್ಲ. ಕುದಿಯುವ ಪಾಕವನ್ನು ಸೌಟಿನಲ್ಲಿ ತೆಗೆದು ತಣ್ಣೀರಿಗೆ ಬಿಟ್ಟು, ಎರಡು ಬೆರಳಲ್ಲಿ ಉಂಡೆ ಮಾಡಿ, ಕೊಪ್ಪರಿಗೆಯ ಅಂಚಿಗೆ ತಟ್ಟುತ್ತಿದ್ದ. ಟಣ್ ಅಂದರೆ "ಹದ ಬಂತು, ಇಳಸ್ರಪ್ಪಾ". ಬಿಎಸ್ಸಿ ಓದುವಾಗ ರಜೆಗೆ ಬಂದು ನಾನು ಥರ್ಮಾಮೀಟರ್ ಇಟ್ಟು ನೋಡಿದೆ. ಅಪ್ಪ ಇಳಿಸು ಅಂದಾಗ 118 ಡಿಗ್ರಿ ಆಸುಪಾಸು ತೋರಿಸುತ್ತಿತ್ತು. ಮರುದಿನ ಬೇರೆ ಹೊಲದ ಕಬ್ಬು, 118ಕ್ಕೆ ಇಳಿಸೋಣ ಅಂದೆ. ಅಪ್ಪ ತಲೆಯಾಡಿಸಿ ಇನ್ನೂ ಸ್ವಲ್ಪ ಹೊತ್ತು ಬಿಟ್ಟ. ಅಂಕಿ ಅಳೆದದ್ದು ಬಿಸಿಯನ್ನು. ಬೆರಳು ಅಳೆದದ್ದು ಬೆಲ್ಲ ಕಟ್ಟುತ್ತದೋ ಇಲ್ಲವೋ ಅನ್ನುವುದನ್ನು. ಅಳತೆ ಅಂದರೆ ಏನು ಎಂದು ನಾನು ಯೋಚಿಸಲು ಶುರು ಮಾಡಿದ್ದು ಆ ದಿನ, ಹೊಗೆಯಲ್ಲಿ ಕಣ್ಣುರಿಯುತ್ತಾ ನಿಂತಾಗ.

ಪ್ರಶ್ನೆ: ನೋಡುವವನಿಲ್ಲದೆ ಕಣಕ್ಕೆ ಸ್ಥಿತಿಯೇ ಇಲ್ಲ ಎಂದು ಕ್ವಾಂಟಂ ವಿಜ್ಞಾನ ಹೇಳುವುದರಿಂದ ಅದ್ವೈತವೇ ಸತ್ಯ ಎಂದು ಸಾಬೀತಾದಂತಾಯಿತಲ್ಲವೇ? ಶ್ರೋಡಿಂಜರ್ ಕೂಡ ಉಪನಿಷತ್ತು ಓದಿದ್ದರು.
ನಿವೃತ್ತ ಬ್ಯಾಂಕ್ ಅಧಿಕಾರಿ, ಸರಸ್ವತಿಪುರಂ, ಮೈಸೂರು

ಉತ್ತರ: ಓದಿದ್ದರು, ಮನಸಾರೆ ಮೆಚ್ಚಿದ್ದರು, ಚೈತನ್ಯ ಒಂದೇ ಎಂದು ನಂಬಿದ್ದರು. ಆದರೆ 1926ರಲ್ಲಿ ಕ್ವಾಂಟಂ ವಿಜ್ಞಾನಕ್ಕೆ ತಳಹದಿಯಾದ ತಮ್ಮ ಸಮೀಕರಣವನ್ನು ಮಂಡಿಸಿದ ಲೇಖನಗಳಲ್ಲಿ ಉಪನಿಷತ್ತನ್ನು ಆಧಾರವಾಗಿ ಹಿಡಿದಿಲ್ಲ. ಆ ಮಟ್ಟಿಗೆ ಎರಡನ್ನೂ ಬೇರೆ ಬೇರೆ ಇಟ್ಟಿದ್ದರು.

ಕ್ವಾಂಟಂ ವಿಜ್ಞಾನದಲ್ಲಿ ನೋಡುವುದು ಅಂದರೆ ಉಪಕರಣಕ್ಕೆ ಕಣ ತಗಲುವುದು. ಎರಡು ಸೀಳಿನ ಪ್ರಯೋಗದಲ್ಲಿ, ಸೀಳುಗಳ ಕಡೆಗೆ ಬಿಟ್ಟ ಕಣಗಳು ಹಿಂದಿನ ಪರದೆಯ ಮೇಲೆ ಪಟ್ಟೆ ಪಟ್ಟೆಯಾಗಿ ಬೀಳುತ್ತವೆ. ಕಣ ಯಾವ ಸೀಳಿನಿಂದ ಹೋಯಿತು ಎಂಬ ಗುರುತು ಎಲ್ಲಾದರೂ ಉಳಿದರೆ ಸಾಕು, ಅದನ್ನು ಒಂದು ನರಪಿಳ್ಳೆಯೂ ಓದದಿದ್ದರೂ ಪಟ್ಟೆಗಳು ಅಳಿಸಿಹೋಗುತ್ತವೆ. ಮನಸ್ಸೇ ಬೇಕು ಎಂದು 1961ರಲ್ಲಿ ಯೂಜೀನ್ ವಿಗ್ನರ್ ಎಂಬ ದೊಡ್ಡ ವಿಜ್ಞಾನಿ ವಾದಿಸಿದ್ದು ಉಂಟು. ಮುಂದೆ ಅವರೇ ಅದನ್ನು ಕೈಬಿಟ್ಟರು.

ನನಗೆ ಇನ್ನೂ ಮುಖ್ಯ ಅನ್ನಿಸುವುದು ಬೇರೆ. ಅದ್ವೈತದ ಸಾಕ್ಷಿ, ಅಂದರೆ ಸುಮ್ಮನೆ ನೋಡುವ ಚೈತನ್ಯ, ಏನನ್ನೂ ಮಾಡುವುದಿಲ್ಲ, ಯಾವುದಕ್ಕೂ ಅಂಟುವುದಿಲ್ಲ. ಕ್ವಾಂಟಂನ ವೀಕ್ಷಣೆ ಮುಟ್ಟುತ್ತದೆ, ಬದಲಾಯಿಸುತ್ತದೆ. ಎರಡೂ ಒಂದೇ ಅಂದರೆ ತಪ್ಪಾಗುವುದು ಫಿಸಿಕ್ಸಿಗಿಂತ ಹೆಚ್ಚಾಗಿ ಶಂಕರರಿಗೆ. ನಮ್ಮ ಮೇಲುಕೋಟೆಯನ್ನು ನೆನೆಯಿರಿ. ರಾಮಾನುಜರು ವರ್ಷಗಟ್ಟಲೆ ನೆಲೆಸಿದ ಬೆಟ್ಟ ಅದು. ಅವರು ಅದ್ವೈತವನ್ನು ಎದುರಿಸಿದ್ದು ಶ್ರುತಿವಾಕ್ಯದ ಅರ್ಥ ಹಿಡಿದು, ಅನುಭವ ಹಿಡಿದು, ತರ್ಕ ಹಿಡಿದು. ಆ ವಾದವನ್ನು ಲೇಸರ್ ಮತ್ತು ಡಿಟೆಕ್ಟರ್ ತೀರ್ಮಾನಿಸಿಬಿಟ್ಟವು ಅಂದರೆ ಇಬ್ಬರು ಆಚಾರ್ಯರ ಶ್ರಮಕ್ಕೂ ಬೆಲೆ ಇಲ್ಲದಂತಾಗುತ್ತದೆ. ಅಲ್ಲದೆ ಫಿಸಿಕ್ಸ್ ನಾಳೆ ಬದಲಾಗಬಹುದು, ಹಿಂದೆ ಬದಲಾಗಿದೆ. ಆಗ ತಾವು ಉಪನಿಷತ್ತನ್ನೂ ತಿದ್ದಬೇಕಾಗುತ್ತದೆಯೇ?

ತಾವು ಬಿಡುವಾಗಿರುವವರು. ನಮ್ಮ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ ಎಂ. ಹಿರಿಯಣ್ಣನವರ ಬರಹ ಓದಿ. ಒಂದು ದರ್ಶನವನ್ನು ಅದರದೇ ಮಾತಿನಲ್ಲಿ, ಹೆಚ್ಚಿಸದೆ ತಗ್ಗಿಸದೆ ಹೇಳುವುದು ಹೇಗೆ ಎಂದು ನಾನು ಕಲಿತದ್ದು ಅವರಿಂದ.

ಪ್ರಶ್ನೆ: ಫಿಲಾಸಫಿ ಸತ್ತುಹೋಗಿದೆ ಎಂದು ಸ್ಟೀಫನ್ ಹಾಕಿಂಗ್ ಹೇಳಿದ್ದಾರಲ್ಲ?
ಓದುಗರು, ಶ್ರೀರಂಗಪಟ್ಟಣ

ಉತ್ತರ: ಅವರ 2010ರ 'ದಿ ಗ್ರ್ಯಾಂಡ್ ಡಿಸೈನ್' ಪುಸ್ತಕದ ಮೊದಲ ಪುಟಗಳಲ್ಲೇ ಆ ಮಾತಿದೆ. ಅದೇ ಪುಸ್ತಕದಲ್ಲಿ ಮುಂದೆ, ವಾಸ್ತವ ಅನ್ನುವುದು ನಾವು ಬಳಸುವ ಮಾದರಿಯನ್ನು ಬಿಟ್ಟು ಬೇರೆಯಾಗಿ ಇಲ್ಲ ಎಂಬ ನಿಲುವನ್ನು ಮಂಡಿಸುತ್ತಾರೆ. ಅದು ಅಪ್ಪಟ ತತ್ವಶಾಸ್ತ್ರ.

ಪ್ರಶ್ನೆ: ನನ್ನ ಮಗ ಬಿಎಸ್ಸಿ ಬಿಟ್ಟು ಫಿಲಾಸಫಿ ಓದುತ್ತೇನೆ ಅನ್ನುತ್ತಿದ್ದಾನೆ. ಅವರಪ್ಪ ಮಾತು ಬಿಟ್ಟಿದ್ದಾರೆ. ನೀವಾದರೂ ಹೇಳಿ, ಅನ್ನ ಹುಟ್ಟುತ್ತದೆಯೇ?
ಒಬ್ಬ ತಾಯಿ, ಮಂಡ್ಯ

ಉತ್ತರ: ಅಮ್ಮಾ, ರಾಧಾಕೃಷ್ಣನ್ ಅವರು 1921ರಲ್ಲಿ ಮೈಸೂರು ಬಿಟ್ಟು ಕಲ್ಕತ್ತೆಗೆ ಹೊರಟಾಗ ಮಹಾರಾಜ ಕಾಲೇಜಿನ ಹುಡುಗರು ಸಾರೋಟಿನ ಕುದುರೆ ಬಿಚ್ಚಿ, ತಾವೇ ಎಳೆದುಕೊಂಡು ರೈಲ್ವೆ ಸ್ಟೇಷನ್‌ಗೆ ಕರೆದೊಯ್ದರು. ಫಿಲಾಸಫಿ ಮೇಷ್ಟ್ರಿಗೆ ನಮ್ಮ ಊರು ಕೊಟ್ಟ ಮರ್ಯಾದೆ ಅದು. ಆದರೆ ಇವತ್ತು ಆ ಓದಿಗೆ ಕೆಲಸಗಳು ಕಡಿಮೆ ಅನ್ನುವುದನ್ನು ನಿಮ್ಮಿಂದ ಮುಚ್ಚಿಡಲಾರೆ.

ನನ್ನ ಅಭಿಪ್ರಾಯ, ಬಿಎಸ್ಸಿ ಮುಗಿಸಲಿ. ಗಣಿತ ಈ ವಯಸ್ಸಿನಲ್ಲಿ ಹತ್ತಿದ ಹಾಗೆ ಮುಂದೆ ಹತ್ತುವುದಿಲ್ಲ, ಮತ್ತು ಕ್ವಾಂಟಂನ ಬಗ್ಗೆ ತತ್ವಶಾಸ್ತ್ರ ಮಾಡಬೇಕಾದರೂ ಆ ಗಣಿತ ಬೇಕೇ ಬೇಕು. ಬೆಲ್ ಮೂರರಲ್ಲಿ ಒಂದು, ನಾಲ್ಕರಲ್ಲಿ ಒಂದು ಅಂತ ಹಿಡಿದದ್ದು ಲೆಕ್ಕ ಬರುತ್ತಿದ್ದುದರಿಂದ. ಎಂಎಗೆ ಫಿಲಾಸಫಿ ತೆಗೆದುಕೊಳ್ಳಲಿ. ಅವರಪ್ಪನಿಗೆ ಈ ಪುಟ ಓದಿ ಹೇಳಿ. ಮಗನನ್ನು ಒಂದು ಭಾನುವಾರ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿಗೆ ಕಳಿಸಿ, ಆರೂವರೆಗೆ ನಾನು ಅಲ್ಲೇ ಇರುತ್ತೇನೆ. ಅವನು ಯಾವ ಪ್ರಶ್ನೆಗೋಸ್ಕರ ಹೋಗಬೇಕು ಅನ್ನುತ್ತಿದ್ದಾನೋ ಅದನ್ನು ನಾನು ಕೇಳಬೇಕು.